ಬಳಸಿದವರ ತಪ್ಪು

ಅತ್ತೆಯ ಹಳೆಯ ಕಂಪ್ಯೂಟರ್ ಕೈಕೊಟ್ಟಾಗ ಅವಳು ಒಂದು ದಪ್ಪ ಪುಸ್ತಕದ ಪದಸೂಚಿಯಲ್ಲಿ ‘ಗ’ ಮುಗಿಸಿ ‘ಚ’ಕ್ಕೆ ಕಾಲಿಡುತ್ತಿದ್ದಳು. ಪರದೆ ನೀಲಿಯಾಯಿತು, ಆಮೇಲೆ ಕಪ್ಪಾಯಿತು. ಕಪ್ಪಿನ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಸಾಲು. ಶುರುವಾಗಲು ಬೇಕಾದ ಒಂದು ಸಿಸ್ಟಂ ಫೈಲ್ ಕಾಣೆಯಾಗಿದೆ, ಇಲ್ಲವೇ ಕೆಟ್ಟಿದೆ.

“ಕಾಣೆಯಾಗಿದೆಯೋ ಕೆಟ್ಟಿದೆಯೋ, ಯಾವುದಾದರೂ ಒಂದು ಹೇಳಬಾರದಾ?” ಎಂದರು ಅತ್ತೆ, ಬೆನ್ನ ಹಿಂದಿನಿಂದ ಇಣುಕಿ. “ನನ್ನ ಕ್ಲಾಸಿನ ಮಕ್ಕಳು ಹೋಂವರ್ಕ್ ಬಗ್ಗೆ ಹೀಗೇ ಹೇಳೋರು.”

ಅತ್ತೆ ಎಂದರೆ ಅವಳ ಅಪ್ಪನ ಅಕ್ಕ. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ನಾಲ್ಕು ವರ್ಷದ ಹಿಂದೆ, ಕೆಲಸ ಕಳೆದುಕೊಂಡು ಎರಡು ಚೀಲ ಹಿಡಿದು ಬಾಗಿಲಲ್ಲಿ ನಿಂತವಳಿಗೆ ಒಂದು ಪ್ರಶ್ನೆಯನ್ನೂ ಕೇಳದೆ ಕಿಟಕಿಯ ಪಕ್ಕದ ಕೋಣೆ ಬಿಟ್ಟುಕೊಟ್ಟಿದ್ದರು. ಕೋಣೆಯ ಜೊತೆಗೆ ಕಂಪ್ಯೂಟರೂ ಸಿಕ್ಕಿತು. ಊಟವಾದ ಮೇಲೆ ಒಂದು ಗಂಟೆ ಇಸ್ಪೀಟು ಆಡಲು ಮಾತ್ರ ಅದು ಅತ್ತೆಗೆ ಬೇಕು. ಮಿಕ್ಕ ಹೊತ್ತು ಅದರಲ್ಲಿ ಅವಳ ಕೆಲಸ: ಯಾವ ಪದ ಯಾವ ಪುಟದಲ್ಲಿದೆ ಎಂದು ಪುಸ್ತಕಗಳ ಕೊನೆಗೆ ಪಟ್ಟಿ ಮಾಡಿಕೊಡುವುದು.

ರಿಪೇರಿ ಅಂಗಡಿಗೆ ಫೋನ್ ಮಾಡಿದವರು ಅತ್ತೆ. ಹತ್ತೂವರೆಗೆ ಬರುತ್ತೇನೆಂದವನು ಹತ್ತು ಇಪ್ಪತ್ತೊಂಬತ್ತಕ್ಕೆ ಬಂದ. ಉದ್ದನೆಯ ಆಳು, ಕೂದಲಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಎಳೆ, ಹೆಗಲಿಗೆ ಕಂದು ಚೀಲ. ಕಂಪ್ಯೂಟರಿನ ಮುಂದೆ ಹೋಗಿ ನಿಂತ, ಆದರೆ ಕೂರಲಿಲ್ಲ.

“ಇದು ನಿಮ್ಮ ಕುರ್ಚಿ ಅಲ್ವಾ?” ಎಂದು ಅವಳನ್ನು ಕೇಳಿದ. “ದಿಂಬು ಒಂದು ಕಡೆಗೆ ಸವೆದಿದೆ. ಬೇರೆ ಕುರ್ಚಿ ಇದ್ದರೆ ಕೊಡಿ. ನಾನು ಕೂತರೆ ನಿಮ್ಮ ಅಳತೆ ಕೆಡುತ್ತೆ.”

ಅವಳ ಕುರ್ಚಿಗೂ ಒಂದು ಅಳತೆ ಇದೆಯೆಂದು ಇದುವರೆಗೆ ಯಾರಿಗೂ ಹೊಳೆದಿರಲಿಲ್ಲ. ಅವಳು ಊಟದ ಮೇಜಿನ ಕುರ್ಚಿ ತಂದಿಟ್ಟಳು. ಹಾಗೆ ಇಡುವಾಗ ಅವನು ನೋಡಿದ, ಅವಳು ನೋಡಲಿಲ್ಲ. ಅವನು ಪರದೆಯ ಕಡೆ ತಿರುಗಿದ ಮೇಲೆ ಅವಳು ನೋಡಿದಳು. ಕಪ್ಪು ಪರದೆಯಲ್ಲಿ ಇಬ್ಬರ ಮುಖವೂ ಕಾಣುತ್ತಿತ್ತು. ಅವನ ಪ್ರತಿಬಿಂಬ ಮೆಲ್ಲಗೆ ನಕ್ಕಿತು.

“ಎಷ್ಟು ಹೊತ್ತಪ್ಪಾ?” ಎಂದರು ಅತ್ತೆ.

“ಸಿ.ಡಿ. ಹಾಕಿ ಸಿಸ್ಟಂ ಫೈಲುಗಳನ್ನೆಲ್ಲ ಒಂದೊಂದಾಗಿ ಪರೀಕ್ಷೆ ಮಾಡಬೇಕಮ್ಮಾ. ಕೆಟ್ಟದ್ದು ಸಿಕ್ಕರೆ ಸಿ.ಡಿ.ಯಿಂದ ಒಳ್ಳೇದನ್ನ ತಂದು ಹಾಕೋದು. ಆಮೇಲೆ ಡಿಸ್ಕ್ ಪರೀಕ್ಷೆ. ಒಟ್ಟು ಮೂರು ಗಂಟೆ.”

“ಮೂರು ಗಂಟೆ! ಬೇರೆಯವರು ಹತ್ತು ನಿಮಿಷದಲ್ಲಿ ಹೇಳ್ತಾರಲ್ಲ?”

“ಅವರು ಬುದ್ಧಿವಂತರು.”

ಅತ್ತೆಗೆ ಉತ್ತರ ಹಿಡಿಸಿತು. ಚಹಾ ಬಂತು. ಪರೀಕ್ಷೆ ತೆವಳುತ್ತಿರುವಾಗ ಅವನು ಸುಮ್ಮನೆ ಕೂರದೆ ಮೇಜಿನ ಕೆಳಗೆ ಬಗ್ಗಿ, ಹರಡಿಕೊಂಡಿದ್ದ ವೈರುಗಳನ್ನು ದಾರದಿಂದ ಒಟ್ಟುಗೂಡಿಸಿ ಕಟ್ಟಿದ. “ಅಮ್ಮನವರ ಕಾಲಿಗೆ ತೊಡರುತ್ತೆ” ಎಂದ. ಕಂಪ್ಯೂಟರ್ ಎದ್ದ ಮೇಲೆ ಇಸ್ಪೀಟಿನ ಆಟ ತೆರೆದು ಎಲೆಗಳನ್ನು ದೊಡ್ಡದು ಮಾಡಿಟ್ಟ. ಅದನ್ನೂ ಯಾರೂ ಕೇಳಿರಲಿಲ್ಲ.

“ಮತ್ತೆ ಕೆಟ್ಟರೆ?” ಎಂದಳು ಅವಳು.

“ಫೋನ್ ಮಾಡಿ. ಆದರೆ ಸ್ವಲ್ಪ ಕರುಣೆ ಇರಲಿ ಮೇಡಂ. ಒಂದೇ ಮನೆಯಿಂದ ಒಂದೇ ದೂರು ತಿಂಗಳಲ್ಲಿ ಮೂರು ಸಲ ಬಂದರೆ ನಮ್ಮ ಅಂಗಡಿ ಯಜಮಾನಿ ನನ್ನನ್ನೇ ಮನೆಗೆ ಕಳಿಸ್ತಾರೆ. ಕಂಪ್ಯೂಟರ್ ಹೇಗೋ ರಿಪೇರಿ ಆಗುತ್ತೆ, ನನ್ನನ್ನ ರಿಪೇರಿ ಮಾಡೋರು ಇಲ್ಲ.”

ಅವಳು ನಕ್ಕಳು. ಎಷ್ಟೋ ತಿಂಗಳ ಮೇಲೆ ಒಬ್ಬ ಹೊರಗಿನವನ ಮಾತಿಗೆ ನಕ್ಕದ್ದು. ನಗು ಮುಗಿಯುವ ಮೊದಲೇ ಅವನು ಕೆಲಸದ ಚೀಟಿ ಬರೆದು, ಸಹಿ ಹಾಕಿ, ಅವಳ ಕೈಗೆ ಕೊಟ್ಟ.

ಕೊನೆಯಲ್ಲಿ ಬಾಲ ಸುತ್ತಿಕೊಂಡು ಮಲಗಿದ ಬೆಕ್ಕಿನಂಥ ಸಹಿ.

ಆ ಬೆಕ್ಕನ್ನು ಅವಳು ಬಲ್ಲಳು. ನಾಲ್ಕು ವರ್ಷದಿಂದ ಅದು ಅವಳ ಬೀರುವಿನ ತಳದಲ್ಲಿ, ಒಂದು ಕಂದು ಲಕೋಟೆಯಲ್ಲಿ ಮಲಗಿತ್ತು.

*

ನಾಲ್ಕು ವರ್ಷದ ಹಿಂದೆ ಅವಳು ಗ್ರಂಥಾಲಯದಲ್ಲಿದ್ದಳು. ನಲವತ್ತು ಸಾವಿರ ಕಾರ್ಡುಗಳನ್ನು ಆರು ವರ್ಷ ಕೂತು ಕಂಪ್ಯೂಟರಿಗೆ ಏರಿಸಿದ್ದಳು. ಅಲ್ಲಿ ಅವಳಿಗೆ ‘ಅಕ್ಷರಮಾಲೆ’ ಎಂದೇ ಹೆಸರು. ಊಟದ ಡಬ್ಬಿಗಳನ್ನೂ ಅಕಾರಾದಿಯಾಗಿ ಜೋಡಿಸುತ್ತಾಳೆಂದು ಬೈಂಡಿಂಗ್ ಮಾಡುವ ಅಮ್ಮ ಚುಡಾಯಿಸುತ್ತಿದ್ದಳು. ಒಂದು ಸೋಮವಾರ ಬೆಳಗ್ಗೆ ಕಂಪ್ಯೂಟರ್ ಹಚ್ಚಿದರೆ ಏನೂ ಇಲ್ಲ. ಆರು ವರ್ಷ ಖಾಲಿ.

ಅವಳಿಗೆ ರಜೆ ಕೊಟ್ಟು ಕಳಿಸಿದರು. ಅವಳಿಲ್ಲದಾಗ ಯಾರೋ ತಂತ್ರಜ್ಞ ಬಂದು ನೋಡಿ ಹೋದನಂತೆ. ಮರುದಿನ ನಾಲ್ಕು ಗಂಟೆಗೆ ಅವಳನ್ನು ಕರೆಸಿ, ಗ್ರಂಥಾಲಯದ ಮುಖ್ಯಸ್ಥರು ಓದುವ ಹಾಲಿನ ನಡುವೆ ನಿಂತು, ಸಿಬ್ಬಂದಿಯೆಲ್ಲ ಕೇಳುವಂತೆ ಅವನ ವರದಿ ಓದಿದರು. ಎರಡು ವಾಕ್ಯ. ‘ಯಂತ್ರದಲ್ಲಿ ದೋಷವಿಲ್ಲ. ಬಳಸಿದವರ ತಪ್ಪು.’

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ಸಂಜೆಯೇ ಅವಳನ್ನು ಕೆಲಸದಿಂದ ತೆಗೆದರು. ವರದಿಯ ಒಂದು ಪ್ರತಿಯನ್ನು ಕೇಳಿ ಪಡೆದು ಮನೆಗೆ ತಂದಳು. ಹೆಸರಿರಲಿಲ್ಲ, ಸಹಿ ಮಾತ್ರ ಇತ್ತು. ಆಮೇಲಿನ ನಾಲ್ಕು ವರ್ಷ ಆ ಸಹಿಯವನನ್ನು ಅವಳು ಮನಸ್ಸಿನಲ್ಲಿ ಎಷ್ಟು ಬಗೆಯಲ್ಲಿ ಅಳಿಸಿ, ಗೋಗರೆಯಿಸಿ, ಮೊಣಕಾಲೂರಿಸಿ ನಿಲ್ಲಿಸಿದ್ದಳೋ ಲೆಕ್ಕವಿಲ್ಲ. ಆ ಕನಸುಗಳಲ್ಲಿ ಅವನಿಗೆ ಸಣ್ಣ ಕಣ್ಣು, ಎಣ್ಣೆ ಹಚ್ಚಿದ ಮೀಸೆ. ವೈರು ಕಟ್ಟುವ ಬೆರಳುಗಳು ಇರಲೇ ಇಲ್ಲ.

ಈಗ ಅವನು ಅಂಗಳ ದಾಟಿ ಹೋಗುತ್ತಿದ್ದ. ಗೇಟಿನ ಬಳಿ ಮಲಗಿದ್ದ ನಾಯಿಯನ್ನು ಎಬ್ಬಿಸದೆ ಪಕ್ಕದಿಂದ ಸುತ್ತಿ ನಡೆದ.

“ಒಳ್ಳೇ ಹುಡುಗ” ಎಂದರು ಅತ್ತೆ.

“ಹೌದು” ಎಂದಳು ಅವಳು. ಹಲ್ಲು ಎಷ್ಟು ಬಿಗಿಯಾಗಿತ್ತೆಂದರೆ ದವಡೆ ನೋಯಿತು.

ಮೂರು ಸಲ. ಆಯುಧವನ್ನು ಅವನೇ ಅವಳ ಕೈಗಿಟ್ಟು ಹೋಗಿದ್ದ. ಒಂದು ಆಗಿತ್ತು. ಇನ್ನು ಎರಡು.

*

ಹಳೆಯ ಕಂಪ್ಯೂಟರಿಗೆ ತನ್ನ ಒಳಗಿನ ಫೈಲುಗಳನ್ನು ಕಾಯುವ ಬುದ್ಧಿ ಇಲ್ಲ. ಯಾರು ತೆಗೆದರೂ ಸುಮ್ಮನಿರುತ್ತದೆ. ಮತ್ತೆ ಶುರುಮಾಡಿದಾಗ ಮಾತ್ರ ಅದು ಇಲ್ಲ ಇದು ಇಲ್ಲ ಎಂದು ಮೊರೆಯಿಡುತ್ತದೆ. ಅವನು ಅತ್ತೆಗೆ ಹಾಗೆ ವಿವರಿಸಿದ್ದನ್ನು ಅವಳು ಕೇಳಿಸಿಕೊಂಡಿದ್ದಳು.

ಒಂಬತ್ತು ದಿನ ಕಾದಳು. ಹತ್ತನೆಯ ದಿನ, ಅತ್ತೆ ತರಕಾರಿಗೆ ಹೋದಾಗ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎರಡು ಫೈಲುಗಳನ್ನು ಅವುಗಳ ಜಾಗದಿಂದ ತೆಗೆದಳು. ಕಂಪ್ಯೂಟರ್ ಆರಿಸಿ ಹಚ್ಚಿದಳು. ಕಪ್ಪು ಪರದೆ, ಬಿಳಿ ಸಾಲು. ಹೃದಯ ಕುಣಿಯಿತು.

ಅವನು ಬಂದ. ಅದೇ ಊಟದ ಕುರ್ಚಿಯನ್ನು ತಾನೇ ಎಳೆದುಕೊಂಡ.

“ಮತ್ತೆ ಬಂದಿರಾ?” ಎಂದಳು ಅವಳು, ಜೇನಿನಲ್ಲಿ ಅದ್ದಿದ ದನಿಯಲ್ಲಿ.

“ಕರೆದಿರಲ್ಲ.”

“ಹೋದ ಸಲ ಮೂರು ಗಂಟೆ ಕೂತು ಏನು ಮಾಡಿದಿರಿ ಹಾಗಾದರೆ?”

“ಚಹಾ ಕುಡಿದೆ” ಎಂದ. ಆಮೇಲೆ ನಗು ಬಿಟ್ಟು, “ನನ್ನ ಕಣ್ಣಿಗೆ ಏನೋ ತಪ್ಪಿದೆ. ಕ್ಷಮಿಸಿ. ನಿಮ್ಮ ಕೆಲಸ ಎಲ್ಲಿಗೆ ಬಂದಿತ್ತು?”

“‘ತ’ ಮುಗಿದಿತ್ತು.”

“ಅದನ್ನ ಬೇರೆ ಕಡೆ ಕಾಪಿ ಮಾಡಿದೀರಾ?”

“ಮೂರು ಕಡೆ ಇಟ್ಟಿದೀನಿ. ನನಗೆ ಯಾರ ಮೇಲೂ ನಂಬಿಕೆ ಇಲ್ಲ.”

ಅವನು ತಲೆಯೆತ್ತಿ ಅವಳನ್ನು ನೋಡಿದ. ಬೇರೆ ಯಾರಾದರೂ ಆಗಿದ್ದರೆ ಆ ನೋಟಕ್ಕೆ ಅವಳ ಕಿವಿ ಬೆಚ್ಚಗಾಗುತ್ತಿತ್ತು. ಇವನೇ ಆಗಿದ್ದರೂ ಬೆಚ್ಚಗಾಯಿತು, ಅದೇ ಅವಳನ್ನು ಉರಿಸಿದ್ದು. ‘ನೋಡು, ಚೆನ್ನಾಗಿ ನೋಡಿಕೋ. ನಾಳೆ ನೀನೂ ಎರಡು ಚೀಲ ಹಿಡಿದು ಬಾಗಿಲು ತಟ್ಟುವಾಗ ಈ ಮುಖ ನೆನಪಿರಲಿ’ ಎಂದುಕೊಂಡಳು. ಎಂದುಕೊಳ್ಳುತ್ತಲೇ ಅವನ ಚಹಾಕ್ಕೆ, ಹೋದ ಸಲ ಅವನು ಕೇಳಿದ್ದಂತೆ, ಸಕ್ಕರೆ ಕಡಿಮೆ ಹಾಕಿದಳು.

ಅವನು ಹೋದ ಮೇಲೆ ಅತ್ತೆ ಇಸ್ಪೀಟಿನ ಮುಂದೆ ಕೂತು ಗೊಣಗಿದರು. “ಈ ಕಂಪ್ಯೂಟರಿನ ಕಾಯಿಲೆ ವಿಚಿತ್ರ. ಅವನು ಬಂದರೆ ವಾಸಿ, ಹೋದರೆ ಜ್ವರ. ಯಾರನ್ನ ನೋಡಿ ಕಲೀತೋ.”

“ಅತ್ತೇ!”

“ನಾನು ಕಂಪ್ಯೂಟರಿನ ವಿಷಯ ಹೇಳಿದ್ದು. ಕಳ್ಳನ ಮನಸ್ಸು ಹುಳ್ಳುಳ್ಳಗೆ.”

*

ಇನ್ನೂ ಎಂಟು ದಿನ ಕಳೆದ ಮೇಲೆ ಅವಳು ಮೂರು ಫೈಲು ತೆಗೆದಳು. ಅಂಗಡಿಗೆ ಫೋನ್ ಮಾಡಿ, ಯಜಮಾನಿಯೇ ಎತ್ತಿದಾಗ, ಸ್ಪಷ್ಟವಾಗಿ ಹೇಳಿದಳು: “ಅದೇ ದೂರು. ಇದು ಮೂರನೇ ಸಲ.” “ಸರಿ ಮೇಡಂ” ಎಂದಿತು ಆಚೆಯ ಧ್ವನಿ. ಅವಳು ಫೋನ್ ಇಟ್ಟು, ಬೀರುವಿನಿಂದ ಲಕೋಟೆ ತೆಗೆದು, ಕೈಗೆ ಸಿಗುವಂತೆ ನಿಘಂಟಿನ ಕೆಳಗೆ ಇಟ್ಟಳು. ಅವನು ಸೋತು ಎದ್ದು ಹೊರಡುವಾಗ ಎದುರಿಗೆ ಹಿಡಿಯಬೇಕು. ಯಾರು, ಯಾಕೆ ಎಂದು ತಿಳಿಯದೆ ಶಿಕ್ಷೆ ಅನುಭವಿಸಿದರೆ ಅದು ಎಂಥ ಶಿಕ್ಷೆ?

ಈ ಸಲ ಅವನು ಹಾಸ್ಯ ಮಾಡಲಿಲ್ಲ. ಕುರ್ಚಿಯಲ್ಲಿ ಕೂತು, ಸಿ.ಡಿ. ಹಾಕಿದ. ಸಿ.ಡಿ. ಗರಗರ ತಿರುಗಿ ನಿಂತಿತು. ತೆಗೆದು ಬೆಳಕಿಗೆ ಹಿಡಿದ.

“ಗೀರು ಬಿದ್ದಿದೆ. ಒಂದು ಫೈಲನ್ನ ಓದ್ತಾ ಇಲ್ಲ.”

“ಹಾಗಾದರೆ ಆಗೋದಿಲ್ಲ ಅನ್ನಿ” ಎಂದಳು, ಬಾಗಿಲಿಗೆ ಒರಗಿ.

“ಇರಿ. ಕೆಲವು ಸಲ ಅದೇ ಫೈಲಿನ ಇನ್ನೊಂದು ಪ್ರತಿ ಇದರೊಳಗೇ ಎಲ್ಲಾದರೂ ಬಿದ್ದಿರುತ್ತೆ. ಹುಡುಕ್ತೀನಿ.”

ಆಗ ಅವಳಿಗೆ ನೆನಪಾಯಿತು.

ಬೇರೆ ಯಾರೇ ಆಗಿದ್ದರೂ ಆ ಫೈಲುಗಳನ್ನು ಅಳಿಸಿಬಿಡುತ್ತಿದ್ದರು. ಅವಳಿಗೆ ಅಳಿಸಲು ಕೈ ಬಂದಿರಲಿಲ್ಲ. ಎರಡೂ ಸಲ ಬೆರಳು ಆ ಕೀಲಿಯ ಮೇಲೆ ಹೋಗಿ ನಿಂತು ವಾಪಸ್ ಬಂದಿತ್ತು. ಕೊನೆಗೆ ಒಂದು ಹೊಸ ಫೋಲ್ಡರ್ ಮಾಡಿ, ಐದೂ ಫೈಲುಗಳನ್ನು ಅದರೊಳಗೆ ಇಟ್ಟಿದ್ದಳು. ಇಟ್ಟ ಮೇಲೆ ಸುಮ್ಮನಿರಲು ಆಗಿರಲಿಲ್ಲ.

ಅವನು ಹುಡುಕಿ, ಆ ಫೋಲ್ಡರಿನಲ್ಲಿ ಸಿಕ್ಕ ಫೈಲುಗಳನ್ನು ಅವುಗಳ ಜಾಗಕ್ಕೆ ಸೇರಿಸಿದ. ಕಂಪ್ಯೂಟರ್ ಎದ್ದು ಕೂತಿತು. ಅವನು ಫೋಲ್ಡರ್ ತೆರೆದ. ಅದರ ಹೆಸರು ‘ಎರವಲು’. ಒಳಗೆ ಒಂದು ಪಟ್ಟಿ. ಫೈಲಿನ ಹೆಸರು, ಎಲ್ಲಿಂದ ತೆಗೆದದ್ದು, ತೆಗೆದ ದಿನಾಂಕ, ಹಿಂತಿರುಗಿಸಬೇಕಾದ ದಿನಾಂಕ. ಐದು ಸಾಲು, ಅಕಾರಾದಿಯಾಗಿ.

ಅವನು ಅದನ್ನು ಎರಡು ಸಲ ಓದಿದ. ಕಿವಿಯ ತುದಿ ಕೆಂಪಾಯಿತು.

“ನೀವೇನಾ?”

“ನಾನೇ” ಎಂದಳು. ಹೆದರಿಕೆ ಹೋಗಿ ನಾಲ್ಕು ವರ್ಷದ ಸಿಟ್ಟು ಒಮ್ಮೆಗೇ ಹೊರಬಿತ್ತು. “ಬರೀರಿ. ಚೀಟಿಯಲ್ಲಿ ಬರೀರಿ. ‘ಬಳಸಿದವರ ತಪ್ಪು.’ ನಿಮಗೆ ಅಭ್ಯಾಸ ಇದೆಯಲ್ಲ! ಬರೆದು ನಿಮ್ಮ ಕೆಲಸ ಉಳಿಸ್ಕೊಳ್ಳಿ. ಆಗ ಒಬ್ಬಳ ಕೆಲಸ ಕಳೆದಿರಿ, ಈಗ ನಿಮ್ಮದು ಉಳಿಸ್ಕೊಳ್ಳಿ. ಎರಡಕ್ಕೂ ಒಂದೇ ವಾಕ್ಯ ಸಾಕು.”

ನಿಘಂಟಿನ ಕೆಳಗಿಂದ ಲಕೋಟೆ ಎಳೆದು ಅವನ ಮುಂದೆ ಎಸೆದಳು. ಅವನು ಹಾಳೆ ಬಿಡಿಸಿದ. ಅವನ ಮುಖದಲ್ಲಿ ಆದದ್ದನ್ನು ಅವಳು ಒಂದು ಗೆರೆಯೂ ಬಿಡದೆ ನೋಡಿದಳು. ಅಷ್ಟು ವರ್ಷ ಕಾದದ್ದು ಅದಕ್ಕೇ ಅಲ್ಲವೇ?

“ಗ್ರಂಥಾಲಯದ... ಆ ಟೈಪಿಸ್ಟ್ ನೀವಾ?”

“ಟೈಪಿಸ್ಟ್ ಅಲ್ಲ. ಸೂಚಿಕಾರಳು.”

“ಸೂಚಿಕಾರಳು” ಎಂದು ಅವನು ತಿದ್ದಿಕೊಂಡ. ಹಾಳೆ ಮಡಚಿ ಮೇಜಿನ ಮೇಲಿಟ್ಟ. “ಅವತ್ತು ಡಿಸ್ಕ್ ಪರೀಕ್ಷೆ ಮಾಡಬೇಕಿತ್ತು. ಆರು ಗಂಟೆ ಹಿಡೀತಿತ್ತು. ಮುಖ್ಯಸ್ಥರು ಬೀಗದ ಕೈ ಹಿಡಿದು ನಿಂತಿದ್ದರು. ‘ಆ ಹುಡುಗಿ ಏನೋ ಒತ್ತಿರ್ತಾಳೆ, ಬರೆದುಬಿಡಿ’ ಅಂದರು. ನಾನು ಬರೆದೆ.”

“ಅಷ್ಟೇನಾ?”

“ಅಷ್ಟೇ ಅಲ್ಲ. ಎಂಟು ತಿಂಗಳಾದ ಮೇಲೆ ಅದೇ ಯಂತ್ರ ಅಂಗಡಿಗೆ ಬಂತು. ಡಿಸ್ಕ್ ಪೂರ್ತಿ ಹೋಗಿತ್ತು. ಬಿಚ್ಚಿ ನೋಡಿದರೆ ಹಳೇ ಗಾಯ. ಕೆಟ್ಟದ್ದು ಡಿಸ್ಕ್, ನೀವಲ್ಲ. ಮರುದಿನವೇ ಗ್ರಂಥಾಲಯಕ್ಕೆ ಹೋದೆ. ‘ಆ ಹುಡುಗಿ ಮನೆ ಖಾಲಿ ಮಾಡಿ ಹೋದಳು, ಮುಗಿದ ಕತೆ’ ಅಂದರು. ವಿಳಾಸ ಕೇಳಿದೆ, ಕೊಡಲಿಲ್ಲ. ನಾನೂ ಅಷ್ಟಕ್ಕೇ ಬಿಟ್ಟೆ.” ಅವನು ತಲೆಯೆತ್ತಿದ. “ಬಿಡಬಾರದಿತ್ತು. ಅವರು ಹೇಳಿಕೊಟ್ಟರು ಅನ್ನೋದು ನೆಪ. ಕೈ ನನ್ನದು.”

ಕ್ಷಮಿಸಿ ಎಂದು ಅವನು ಹೇಳಲಿಲ್ಲ. ಹೇಳಿದ್ದರೆ ಅವಳು ಬಾಗಿಲು ತೋರಿಸುತ್ತಿದ್ದಳು.

“ಅದಾದ ಮೇಲೆ ಯಾವ ಮನೇಲೂ ಆ ಸಾಲು ಬರೆದಿಲ್ಲ” ಎಂದ. “ಪೂರ್ತಿ ಪರೀಕ್ಷೆ ಮಾಡದೆ ಏಳೋದಿಲ್ಲ. ಅಂಗಡಿಯಲ್ಲಿ ನನ್ನನ್ನ ಆಮೆ ಅಂತಾರೆ.” ಆಮೇಲೆ ಪರದೆಯ ಕಡೆ ಬೆರಳು ತೋರಿಸಿದ. “ಇದನ್ನ ಅವತ್ತು ನೋಡಿದ್ದರೆ ಪರೀಕ್ಷೆಯೇ ಬೇಕಿರಲಿಲ್ಲ. ಕದಿಯೋವಾಗಲೂ ಎಲ್ಲಿಂದ ತೆಗೆದೆ, ಯಾವಾಗ ವಾಪಸ್ ಇಡಬೇಕು ಅಂತ ಬರೆದಿಡೋರು ನಲವತ್ತು ಸಾವಿರ ಕಾರ್ಡು ಅಳಿಸ್ತಾರಾ?”

ಅವಳ ಕಣ್ಣು ತುಂಬಿತು. ನಾಲ್ಕು ವರ್ಷದಲ್ಲಿ ಈ ಮಾತನ್ನು ಹೇಳಿದವನು ಇವನೊಬ್ಬನೇ ಆಗಬೇಕೇ? ಅದಕ್ಕೂ ಸಿಟ್ಟು ಬಂತು.

ಅವನು ಚೀಟಿ ಬರೆದ. ಹರಿದು ಮೇಜಿನ ಮೇಲಿಟ್ಟು, ಚೀಲ ಹೆಗಲಿಗೇರಿಸಿ ಹೊರಟುಹೋದ. ಅವಳು ಓದಿದಳು. ‘ಕಾರಣ: ತಂತ್ರಜ್ಞನ ತಪ್ಪು.’ ಕೆಳಗೆ ಬೆಕ್ಕು.

*

ಸೇಡು ಸಪ್ಪೆ ಎನ್ನುವವರು ಅದನ್ನು ತೀರಿಸಿಕೊಂಡವರಲ್ಲ. ಅವಳಿಗೆ ಅಂದು ಮಧ್ಯಾಹ್ನ ಊಟ ರುಚಿಸಿತು. ಎರಡು ಸಲ ಬಡಿಸಿಕೊಂಡಳು. ‘ಧ’, ‘ನ’, ‘ಪ’ ಒಂದೇ ಉಸಿರಿನಲ್ಲಿ ಮುಗಿಸಿದಳು.

ಐದು ಗಂಟೆಗೆ ಯಜಮಾನಿಯ ಫೋನ್ ಬಂತು. ತುಂಬಾ ತೊಂದರೆಯಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಇನ್ನು ಮುಂದೆ ಆತ ಬರುವುದಿಲ್ಲ, ಬೇರೆಯವರನ್ನು ಕಳಿಸುತ್ತೇವೆ.

“ಬೇರೆಯವರಾ?” ಎಂದಳು ಅವಳು.

“ಹೌದು ಮೇಡಂ. ಚುರುಕಾದವರು. ಹತ್ತು ನಿಮಿಷ ಸಾಕು.”

ಫೋನಿಟ್ಟ ಮೇಲೆ ಚೀಟಿಯನ್ನು ಮತ್ತೆ ಓದಿದಳು. ಊಟದ ರುಚಿ ಇನ್ನೂ ಬಾಯಲ್ಲಿತ್ತು, ಆದರೆ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಅವನು ಬರೆದದ್ದು ಸುಳ್ಳು. ಒಂದು ಸುಳ್ಳು ಸಾಲು ಕಡತಕ್ಕೆ ಸೇರಿದ್ದಕ್ಕೆ ಅವಳು ನಾಲ್ಕು ವರ್ಷ ಉರಿದಿದ್ದಳು. ಈಗ ಇನ್ನೊಂದು ಸುಳ್ಳು ಸಾಲು ಕಡತಕ್ಕೆ ಸೇರುತ್ತಿದೆ, ತನ್ನ ಕೈಯಿಂದಲೇ.

“ಅತ್ತೇ, ನಾಳೆ ಬೆಳಗ್ಗೆ ನನಗೆ ಹೊರಗೆ ಕೆಲಸ ಇದೆ.”

“ಹೋಗು” ಎಂದರು ಅತ್ತೆ, ಇಸ್ಪೀಟಿನಿಂದ ಕಣ್ಣೆತ್ತದೆ. “ಆ ನೀಲಿ ಸೀರೆ ಉಡು. ಜಗಳಕ್ಕೆ ಹೋಗೋವಾಗ ಚೆನ್ನಾಗಿ ಕಾಣಬೇಕು.”

*

ಅಂಗಡಿ ಚಿಕ್ಕದು. ಗೋಡೆಯುದ್ದಕ್ಕೂ ಬಿಚ್ಚಿದ ಕಂಪ್ಯೂಟರುಗಳು. ಅವನು ಹಿಂದಿನ ಬೆಂಚಿನಲ್ಲಿ ಸ್ಕ್ರೂಗಳನ್ನು ಡಬ್ಬಿಗೆ ಹಾಕುತ್ತಿದ್ದ. ಅವಳನ್ನು ಕಂಡಾಗ ಅವನ ಕೈಯಿಂದ ಒಂದು ಸ್ಕ್ರೂ ನೆಲಕ್ಕೆ ಬಿತ್ತು. ಅವನು ಅದನ್ನು ಹುಡುಕಲೂ ಇಲ್ಲ.

ಅವಳು ಚೀಟಿಯನ್ನು ಯಜಮಾನಿಯ ಮುಂದಿಟ್ಟಳು. ಯಜಮಾನಿ ದಪ್ಪ ಹೆಂಗಸು, ಕನ್ನಡಕ ತಲೆಯ ಮೇಲೆ.

“ಇದು ತಪ್ಪು. ತಿದ್ದಿ. ಫೈಲುಗಳನ್ನ ತೆಗೆದದ್ದು ನಾನು.”

“ತಿದ್ದಬೇಡಿ” ಎಂದ ಅವನು ಹಿಂದಿನಿಂದ. “ಮೂರು ಸಲ ಹೋದರೂ ಅಲ್ಲಿ ಏನು ಕೆಟ್ಟಿದೆ ಅಂತ ನನಗೆ ಗೊತ್ತಾಗಲಿಲ್ಲ. ಬರೆದದ್ದು ಸುಳ್ಳಲ್ಲ.”

“ನೀವು ಸುಮ್ಮನಿರಿ. ನಿಮ್ಮನ್ನ ಉಳಿಸೋಕೆ ನಾನು ಬಂದಿಲ್ಲ.”

“ನಿಮ್ಮಿಂದ ಉಳಿಯೋಕೆ ನನಗೂ ಇಷ್ಟ ಇಲ್ಲ.”

“ಅಯ್ಯೋ, ಜನ ತಪ್ಪು ನಂದಲ್ಲ ಅಂತ ಜಗಳ ಆಡೋದು ನೋಡಿದೀನಿ, ನಂದು ನಂದು ಅಂತ ಕಿತ್ತಾಡೋರನ್ನ ಇವತ್ತೇ ನೋಡಿದ್ದು” ಎಂದರು ಯಜಮಾನಿ. ಅವಳು ಹಾಳೆಯಲ್ಲಿ ಬರೆದು ತಂದಿದ್ದ ‘ಎರವಲು’ ಪಟ್ಟಿಯನ್ನು ಕೊಟ್ಟಳು. ಯಜಮಾನಿ ಕನ್ನಡಕ ಇಳಿಸಿ ಓದಿ, ಹೊಟ್ಟೆ ಹಿಡಿದು ನಕ್ಕರು. “ಕದ್ದ ಮಾಲಿಗೆ ರಸೀದಿ ಇಟ್ಟ ಕಳ್ಳಿಯನ್ನ ಹುಟ್ಟಿದ ಮೇಲೆ ಕಂಡಿರಲಿಲ್ಲಮ್ಮಾ! ಹೋಗಲಿ, ಇದು ದೂರೇ ಅಲ್ಲ. ಆಮೆ, ನಿನ್ನ ಚೀಲ ತಗೋ, ಕೆಲಸಕ್ಕೆ ಹೋಗು.”

“ಇನ್ನೂ ಒಂದಿದೆ” ಎಂದಳು ಅವಳು. ಅವನ ಕಡೆ ತಿರುಗಿದಳು. “ನಾನು ಬರೆಸಿದ ಸುಳ್ಳನ್ನ ನಾನು ತಿದ್ದಿಸಿದೆ. ನಿಮ್ಮದು ಬಾಕಿ ಇದೆ. ಗ್ರಂಥಾಲಯದ ಹೊಸ ವರದಿ. ಅದೇ ಹಾಲಿನಲ್ಲಿ, ಅದೇ ನಾಲ್ಕು ಗಂಟೆಗೆ, ಎಲ್ಲರಿಗೂ ಕೇಳೋ ಹಾಗೆ. ಓದೋದು ನೀವು.”

ಅವನು ಒಂದು ಕ್ಷಣವೂ ಯೋಚಿಸಲಿಲ್ಲ. “ಇವತ್ತೇ?”

“ಇವತ್ತೇ.”

ಸತ್ತ ಡಿಸ್ಕಿನ ದಾಖಲೆಯನ್ನು ಯಜಮಾನಿ ಹಳೆಯ ಪುಸ್ತಕದಲ್ಲಿ ಹುಡುಕಿ ತೆಗೆದರು. ಅವನು ನಿಂತಲ್ಲೇ ವರದಿ ಬರೆದ. ಯಜಮಾನಿ ಮುದ್ರೆಯನ್ನು ಎಷ್ಟು ಜೋರಾಗಿ ಒತ್ತಿದರೆಂದರೆ ಮೇಜಿನ ಮೇಲಿನ ಸ್ಕ್ರೂಗಳೆಲ್ಲ ಕುಣಿದವು.

*

ನಾಲ್ಕಕ್ಕೆ ಐದು ನಿಮಿಷ ಇತ್ತು. ಓದುವ ಹಾಲು ಹಾಗೇ ಇತ್ತು, ಅದೇ ಉದ್ದ ಮೇಜು, ಅದೇ ಪುಟ ಮಗುಚುವ ಸದ್ದು. ಬೈಂಡಿಂಗ್ ಅಮ್ಮ ಅವಳನ್ನು ಕಂಡು ಅಂಟಿನ ಬ್ರಷ್ಷನ್ನು ಹಾಗೇ ಹಿಡಿದು ನಿಂತಳು. “ಅಕ್ಷರಮಾಲೆ!” ಎಂದು ಬಾಯಿ ಮಾತ್ರ ಆಡಿತು. ಆಮೇಲೆ ಒಂದು ಸ್ಟೂಲನ್ನು ಸೆರಗಿನಿಂದ ಒರೆಸಿ, ಸದ್ದಿಲ್ಲದೆ ಅವಳ ಹಿಂದೆ ತಂದಿಟ್ಟಳು.

ಮುಖ್ಯಸ್ಥರು ತಮ್ಮ ಕೋಣೆಯಿಂದ ಹೊರಬಂದರು. ವಿಷಯ ಕೇಳಿದೊಡನೆ ಅವರ ಮುಖ ಬಿಗಿಯಿತು.

“ಹಳೇ ಕತೆ. ಒಳಗೆ ಬನ್ನಿ, ಮಾತಾಡೋಣ.”

“ಮೊದಲ ವರದಿಯನ್ನ ನೀವು ಇಲ್ಲಿ ನಿಂತು ಓದಿದಿರಿ ಸಾರ್” ಎಂದ ಅವನು. “ನಾನೂ ಇಲ್ಲೇ ಓದ್ತೀನಿ.”

ಶುರುಮಾಡಿದ. ದಿನಾಂಕ. ಯಂತ್ರದ ಸಂಖ್ಯೆ. ತಾನು ಮಾಡಬೇಕಿದ್ದ, ಮಾಡದೆ ಬಿಟ್ಟ ಪರೀಕ್ಷೆ.

“ಮೆಲ್ಲಗೆ, ಇದು ಗ್ರಂಥಾಲಯ!” ಎಂದು ಮುಖ್ಯಸ್ಥರು ಗದರಿದರು.

ಮೂಲೆಯಲ್ಲಿ ಪತ್ರಿಕೆ ಓದುತ್ತಿದ್ದ ಮುದುಕರೊಬ್ಬರು ತಲೆಯೆತ್ತಿದರು. “ಜೋರಾಗಿ ಓದಪ್ಪಾ. ನನಗೆ ಕಿವಿ ಮಂದ.”

ಅವನು ಜೋರಾಗಿ ಓದಿದ. “ದೋಷ ಡಿಸ್ಕಿನದು. ಅದನ್ನು ಕಂಡುಹಿಡಿಯದೆ ವರದಿ ಬರೆದದ್ದು ನನ್ನ ತಪ್ಪು. ಆ ವರದಿ ಸುಳ್ಳೆಂದು ತಿಳಿದ ಮೇಲೂ ಅದನ್ನು ತಿದ್ದದೆ ಇಟ್ಟುಕೊಂಡದ್ದು ಗ್ರಂಥಾಲಯದ ತಪ್ಪು. ಬಳಸಿದವರ ತಪ್ಪು ಏನೂ ಇಲ್ಲ.”

ಹಾಲಿನಲ್ಲಿ ಒಂದು ಪುಟವೂ ಮಗುಚಲಿಲ್ಲ. ಮುಖ್ಯಸ್ಥರ ಕುತ್ತಿಗೆಯಿಂದ ಕೆಂಪು ಮೇಲಕ್ಕೇರಿ ಕಿವಿ ಮುಟ್ಟಿದ್ದನ್ನು ಅವಳು ಕಣ್ಣು ತುಂಬಾ ನೋಡಿದಳು. ಸ್ಟೂಲಿನ ಮೇಲೆ ಕೂರಲಿಲ್ಲ. ನಿಂತೇ ನೋಡಬೇಕೆನಿಸಿತು.

“ಏನು ಬೇಕು ಈಗ ನಿಮಗೆ? ಕೆಲಸ ವಾಪಸ್ ಬೇಕಾ?” ಎಂದರು ಅವರು, ತಗ್ಗಿದ ದನಿಯಲ್ಲಿ.

“ಬೇಡ. ಇದಕ್ಕೆ ಸಂಖ್ಯೆ ಹಾಕಿ, ಹಳೇ ವರದಿಯ ಮೇಲೆ ಇಡಿ. ಕೆಳಗೆ ಅಲ್ಲ, ಮೇಲೆ. ತೆರೆದವರಿಗೆ ಮೊದಲು ಇದು ಕಾಣಬೇಕು. ನಾನು ಇಲ್ಲೇ ನಿಂತಿರ್ತೀನಿ.”

ಅವರು ಕಡತ ತರಿಸಿದರು. ಸಂಖ್ಯೆ ಹಾಕುವಾಗ ಪೆನ್ನು ಒಮ್ಮೆ ಕೈಜಾರಿತು. ಬೈಂಡಿಂಗ್ ಅಮ್ಮ ಎತ್ತಿಕೊಡಲಿಲ್ಲ.

*

ಹೊರಗಿನ ಮೆಟ್ಟಿಲುಗಳ ಮೇಲೆ ಸಂಜೆಯ ಬಿಸಿಲು. ಇಳಿಯುವಾಗ ನೀಲಿ ಸೀರೆಯ ನೆರಿಗೆ ಅವಳ ಕಾಲಿಗೆ ತೊಡರಿತು. ಅವನು ಕೈ ಹಿಡಿಯಲಿಲ್ಲ, ಒಂದು ಮೆಟ್ಟಿಲು ಕೆಳಗೆ, ಬಿದ್ದರೆ ತಡೆಯುವಷ್ಟು ಹತ್ತಿರದಲ್ಲಿ ಇಳಿದ.

“ನನಗೆ ನಿಮ್ಮ ಮೇಲೆ ಇನ್ನೂ ಸಿಟ್ಟಿದೆ” ಎಂದಳು.

“ಗೊತ್ತು.”

“ಬೇಗ ಹೋಗೋ ಸಿಟ್ಟಲ್ಲ.”

“ಬೇಗ ಹೋಗೋದು ಬೇಡ. ಸಿಟ್ಟಿದ್ದಾಗ ವಾರಕ್ಕೊಂದು ಸಲ ಕರೀತಿದ್ರಿ.”

ಅವಳು ಮುಖ ತಿರುಗಿಸಿದಳು. ನಗು ಕಂಡರೆ ಸೋತ ಹಾಗೆ.

“ಎರಡನೇ ಸಲ ದೂರು ಬಂದ ದಿನ ನಾನು ದಾರಿಯುದ್ದಕ್ಕೂ ಹಾಡ್ಕೊಂಡು ಬಂದೆ” ಎಂದ ಅವನು. “ಕೆಟ್ಟ ಕಂಪ್ಯೂಟರಿಗೆ ಯಾರಾದರೂ ಹಾಡ್ತಾರಾ? ಮೂರನೇ ದೂರು ಬಂದಾಗ ಯಜಮಾನಿ ‘ನಿನ್ನ ಕತೆ ಮುಗೀತು’ ಅಂದರು. ನಾನು ಯೋಚನೆ ಮಾಡಿದ್ದು ಕೆಲಸದ ಬಗ್ಗೆ ಅಲ್ಲ, ಇವತ್ತು ಅವರನ್ನ ನೋಡಬಹುದು ಅಂತ. ನೀವು ಯಾರು ಅಂತ ಗೊತ್ತಾದ ಮೇಲೂ ಅದು ಹೋಗಲಿಲ್ಲ. ಹೋಗಬೇಕಿತ್ತು. ನನಗೆ ಆ ಹಕ್ಕಿಲ್ಲ.”

ಕೊನೆಯ ಮೆಟ್ಟಿಲಲ್ಲಿ ಅವಳು ನಿಂತಳು. ನಾಲ್ಕು ವರ್ಷ ಈ ಮನುಷ್ಯನ ಸೋಲನ್ನು ಅವಳು ಬಗೆಬಗೆಯಾಗಿ ಕಲ್ಪಿಸಿದ್ದಳು. ಹೀಗೆ ಎದುರಿಗೆ ನಿಂತು, ಏನನ್ನೂ ಬೇಡದೆ, ಸೋತೆ ಎನ್ನುತ್ತಾನೆಂದು ಕಲ್ಪಿಸಿರಲಿಲ್ಲ. ಅವನ ಅಂಗಿಯ ಕಾಲರು ಒಂದು ಕಡೆ ಮಡಚಿಕೊಂಡಿತ್ತು. ಬೆಳಗಿನಿಂದ ಹಾಗೇ ಇತ್ತು. ಅವಳು ಕೈ ಚಾಚಿ ಅದನ್ನು ಸರಿಮಾಡಿದಳು. ಅವನು ಉಸಿರಾಡುವುದನ್ನು ಮರೆತ.

“ನಾಳೆ ಹತ್ತೂವರೆಗೆ ಮನೆಗೆ ಬನ್ನಿ” ಎಂದಳು.

“ಏನು ತೊಂದರೆ?”

“ಏನೂ ಇಲ್ಲ. ಎಲ್ಲ ಸರಿಯಾಗಿದೆ.”

“ಮತ್ತೆ?”

“ಮತ್ತೇನು ಮತ್ತೆ? ಬನ್ನಿ ಅಂದೆನಲ್ಲ” ಎಂದು ಅವಳು ಬೀದಿಗಿಳಿದು, ಹಿಂದೆ ತಿರುಗಿ ನೋಡದೆ, ಅವನು ಜೊತೆಗೆ ಬಂದು ಸೇರುವಷ್ಟು ನಿಧಾನವಾಗಿ ನಡೆಯತೊಡಗಿದಳು.